ಹುಣಸೆಮರದ ನೀಲಿ ಹುಳು

ಮೈಲಾರಮ್ಮನವರಿಗೆ, ರಾಯದುರ್ಗದಿಂದ ತಿಪ್ಪೇರುದ್ರಪ್ಪನ ನಮಸ್ಕಾರ.

ಈ ಕಾಗದವನ್ನು ನಿಮ್ಮ ಮಗಳು ಸ್ವಪ್ನಾ ಓದಿ ಹೇಳಲಿ, ಒಂದು ಸಾಲನ್ನೂ ಬಿಡದೆ. ಹುಣಸೆಮರ ಹೋದ ಮೇಲೆ ಕೂರಲು ಜಾಗವಿಲ್ಲದೆ ನೀವು ಕೆಲಸ ಬಿಟ್ಟು ಮಡಕಶಿರಾಕ್ಕೆ ಅವಳ ಮನೆಗೆ ಹೋದಿರಂತೆ.

ಇಪ್ಪತ್ತೆರಡು ವರ್ಷ ನಮ್ಮ ಬೀದಿಯ ಆ ಹುಣಸೆಯ ಕೆಳಗೆ ಕೂತು ಜೀನ್ಸ್ ಪ್ಯಾಂಟುಗಳ ದಾರದ ತುದಿ ಕತ್ತರಿಸಿದಿರಿ. ಬಿದ್ದ ನೀಲಿ ದಾರವನ್ನು ಹುಳುಗಳು ಎತ್ತಿಕೊಂಡು, ಹೊತ್ತು ತಿರುಗುವ ಚೀಲದಂಥ ಗೂಡಿಗೆ ಸುತ್ತಿಕೊಳ್ಳುವುದನ್ನು ಮೊದಲು ತೋರಿಸಿದವರೂ ನೀವೇ. "ನೋಡ್ರಿ ಮಾಸ್ತರ, ಇವಕ್ಕೂ ಜೀನ್ಸ್ ಬೇಕಂತ" ಎಂದು ನಕ್ಕಿದ್ದಿರಿ. ನಾಲ್ಕನ್ನು ಬಾಟಲಿಯಲ್ಲಿ ಸಾಕಿದೆ. ದಿನಾ ಚಿಗುರು ಕಿತ್ತುಕೊಟ್ಟಿರಿ. ನಾನು ಪುಸ್ತಕ ತಿರುವುತ್ತಿದ್ದಾಗ, "ಹೆಸರು ಗೊತ್ತಾದ ಮ್ಯಾಲ ಅದಕ್ಕೇನು ಮಾಡ್ತೀರಿ?" ಎಂದಿರಿ. ನಾನು ಮುಂದಿನ ಪುಟ ತಿರುವಿದೆ.

ಪತಂಗ ಹೊರಬಂದು ರೆಕ್ಕೆ ಕಾಣುವ ತನಕ ಇಂಥ ಹುಳುವಿಗೆ ಜಾತಿಯ ಹೆಸರಿಡಬಾರದು. ಅದು ನನಗೆ ಗೊತ್ತಿತ್ತು. ಆದರೆ ಪುರಸಭೆ ಕಚೇರಿಯವರ ಮೇಲೆ ಮೂವತ್ತು ವರ್ಷದ ಸಿಟ್ಟಿತ್ತು. ಒಡೆದ ಚರಂಡಿ, ಬಾರದ ನೀರು, ಯಾವುದನ್ನೂ ನಾನು ಮರೆತಿಲ್ಲ. ಮರ ಬೋಳಿಸುವ ಹುಳು ಬಂದಿದೆ, ನೀವು ಮಲಗಿದ್ದೀರಿ ಎಂದು ಅವರಿಗೆ ಎರಡು ಪುಟದ ಅರ್ಜಿ ಬರೆದೆ. ನನ್ನ ಅಷ್ಟೂ ಅರ್ಜಿಗಳಲ್ಲಿ ಅವರು ಎಂಟೇ ದಿನಕ್ಕೆ ಎದ್ದಿದ್ದು ಅದೊಂದಕ್ಕೆ. ಮರವನ್ನೇ ಕಡಿಯಲು ಗರಗಸ ತಂದರು.

ಕೊಂಬೆ ಬೀಳುವಾಗ ನೀವು ಬೈಯಲಿಲ್ಲ. "ನೀವ ಬರೆದ್ರಂತಲ್ರಿ" ಎಂದಷ್ಟೇ ಹೇಳಿ ಕತ್ತರಿಯನ್ನು ಸೆರಗಿಗೆ ಕಟ್ಟಿಕೊಂಡಿರಿ. ನಾನು ಮರುದಿನವೂ ಕಚೇರಿಯವರನ್ನೇ ಬೈದುಕೊಂಡು ತಿರುಗಿದೆ.

ಮರ ಬಿದ್ದ ಹನ್ನೊಂದು ದಿನಕ್ಕೆ ಬಾಟಲಿಯಲ್ಲಿ ಗಂಡು ಪತಂಗವೊಂದು ಹೊರಬಂತು. ನಾನು ಬರೆದ ಜಾತಿಯದಲ್ಲ. ಖಾಲಿ ಗೂಡಿನ ನೀಲಿ ದಾರ ಬಿಡಿಸಿದೆ. ಒಳಗೆ ಉದ್ದಕ್ಕೆ ಜೋಡಿಸಿದ ಕಡ್ಡಿಗಳಿದ್ದವು. ಮರ ಬೋಳಿಸುವ ಹುಳು ಎಲೆಯ ಚೂರು ಅಂಟಿಸಿಕೊಳ್ಳುತ್ತದೆ. ಇದು ಆ ಮರಕ್ಕೆ ಕೇಡು ಮಾಡುವ ಹುಳುವೇ ಆಗಿರಲಿಲ್ಲ. ನಿಮ್ಮ ದಾರದ ಚಂದಕ್ಕೆ ಮರುಳಾಗಿ, ಅದರ ಕೆಳಗೇನಿದೆ ಎಂದು ನಾನು ನೋಡಿರಲಿಲ್ಲ.

ನಿನ್ನೆ ಕಚೇರಿಗೆ ಹೋಗಿ, ತಪ್ಪು ನನ್ನದು ಎಂದು ಬರೆದುಕೊಟ್ಟೆ. ಗುಮಾಸ್ತ ಓದದೆ ಮುದ್ರೆ ಒತ್ತಿದ. ಅದರ ಪ್ರತಿ ಇದರೊಂದಿಗಿದೆ. ಅದನ್ನೂ ಸ್ವಪ್ನಾ ಓದಲಿ.

ಇವುಗಳ ಹೆಣ್ಣಿಗೆ ರೆಕ್ಕೆ ಬರುವುದಿಲ್ಲ; ಇನ್ನೊಂದು ಗೂಡಿನೊಳಗೆ ಅಂಥ ಹೆಣ್ಣೊಂದು ಮೊಟ್ಟೆಯಿಟ್ಟು ಸತ್ತಿತ್ತು. ಇಂದು ಮರಿಗಳು ಇಳಿದಿವೆ. ಚಿಗುರಿಗೆ ಬೀದಿಯಲ್ಲಿ ಮರವಿಲ್ಲ. ಕೋಟೆ ಬೆಟ್ಟದ ಬುಡಕ್ಕೆ ನಡೆದು ತರುತ್ತೇನೆ. ಅವಕ್ಕೆ ಹೆಸರು ಬರೆದಿಲ್ಲ.

ಕ್ಷಮಿಸಿ ಎಂದು ಕೇಳುವಷ್ಟು ಧೈರ್ಯವಿಲ್ಲ. ನಿಮ್ಮ ಕೈಗೆ ಕೆಲಸವಿರಲಿ, ತಲೆಯ ಮೇಲೆ ನೆರಳಿರಲಿ.

ಇಂತಿ, ಆ ಅರ್ಜಿ ಬರೆದ
ತಿಪ್ಪೇರುದ್ರಪ್ಪ