ಲಕ್ಕಿ ಹುಟ್ಟಿದ್ದು ಜೂನ್ ಒಂದರಂದು ಅಲ್ಲ

ಎಲುಬನ್ನೂ ನೋಡಿ, ಕಾಗದವನ್ನೂ ನೋಡಿ, ಕೊನೆಗೆ ಕಾಗದವನ್ನೇ ನಂಬಿದ ವಯೋಪರಿಶೀಲನಾ ಅಧಿಕಾರಿಗಳೇ,

ಏಷ್ಯಾ ಖಂಡದ ಹದಿನಾರು ವರ್ಷದೊಳಗಿನ ಬಾಲಕಿಯರ ಫುಟ್‌ಬಾಲ್ ಚಾಂಪಿಯನ್‌ಶಿಪ್ಪಿಗೆ ಅರ್ಹತಾ ಪಂದ್ಯಗಳನ್ನು ಆಡಲು ಹೋಗುವ ನಮ್ಮ ದೇಶದ ತಂಡದ ಆಯ್ಕೆ ಶಿಬಿರದಿಂದ, ಭಟ್ಕಳ ತಾಲೂಕಿನ ಮುಟ್ಟಳ್ಳಿಯ ಲಕ್ಕಿ ಎಂಬ ಹುಡುಗಿಯನ್ನು ತಾವು ಕಳೆದ ತಿಂಗಳು ಮನೆಗೆ ಕಳಿಸಿದಿರಿ. ವಯಸ್ಸು ಮೀರಿದೆ ಎಂಬುದು ಕಾರಣ. 1993ರ ಜನವರಿ ಒಂದರಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ ಆಡಬಹುದು. ಶಾಲೆಯ ದಾಖಲೆಯಲ್ಲಿ ಅವಳ ಜನ್ಮದಿನ 1992ರ ಜೂನ್ ಒಂದು. ಏಳು ತಿಂಗಳು ದೊಡ್ಡವಳು. ತಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ತಾರೀಖಿನಲ್ಲಿ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಅದನ್ನು ಬರೆದವನು ನಾನೇ.

ತಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಡೆ ಜೂನ್ ಒಂದನೇ ತಾರೀಖು ಬಹಳ ದೊಡ್ಡ ದಿನ. ಅಂದು ಊರಿನ ಹೆಂಗಸರೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಹೆರುತ್ತಾರೆ. 1998ರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಕಿರಿಯ ಪ್ರಾಥಮಿಕ ಶಾಲೆಯ ಒಂದನೇ ಇಯತ್ತೆಗೆ ಸೇರಿದ ಇಪ್ಪತ್ತೊಂದು ಮಕ್ಕಳಲ್ಲಿ ಹದಿನೇಳು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಉಳಿದ ನಾಲ್ವರ ಅಪ್ಪಂದಿರು ಸರ್ಕಾರಿ ನೌಕರಿಯಲ್ಲಿದ್ದರು. ಅವರ ಮಕ್ಕಳಿಗೆ ಮಾತ್ರ ಬೇರೆ ಬೇರೆ ದಿನ ಹುಟ್ಟುವ ಅನುಕೂಲವಿತ್ತು. ತಪಾಸಣೆಗೆ ಬಂದ ಸಾಹೇಬರು ಈ ಪವಾಡವನ್ನು ಕಣ್ಣಾರೆ ಕಂಡರು, ಕೆಳಗೆ ಸಹಿ ಮಾಡಿದರು, ಚಹಾ ಕುಡಿದು ಹೋದರು.

ಆ ವರ್ಷ ಶಾಲೆ ಶುರುವಾದ ವಾರ ಮಾದೇವಿ ಎಂಬ ಹೆಂಗಸು ಮಗಳ ಕೈಹಿಡಿದು ಬಂದು ಬಾಗಿಲಲ್ಲಿ ನಿಂತಳು. ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಯ ಕೂಲಿಗೆ ಹೋಗುವವಳು. ಗಂಡ ಈರ ಬಂದರಿನಲ್ಲಿ ಮೀನು ಹೊರುವ ಕೆಲಸಕ್ಕೆ ಬೆಳಿಗ್ಗೆಯೇ ಹೋಗಿರುತ್ತಿದ್ದ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಯಾವಾಗ ಹುಟ್ಟಿದ್ದು ಎಂದು ಕೇಳಿದೆ. ಭಟ್ಕಳದಲ್ಲಿ ಕರ್ಫ್ಯೂ ಇದ್ದಾಗ ಎಂದಳು. ಕರ್ಫ್ಯೂ ಎಂದರೆ ತೊಂಬತ್ಮೂರರ ಬೇಸಿಗೆಯ ಗಲಭೆಯ ದಿನಗಳು. ಅದನ್ನು ನಮ್ಮೂರಿನಲ್ಲಿ ಯಾರೂ ಮರೆಯುವುದಿಲ್ಲ. ಹಾಗಾದರೆ ಮಗುವಿಗೆ ಐದು ವರ್ಷ ತುಂಬಿ ಒಂದೆರಡು ತಿಂಗಳು. ನಿಯಮಕ್ಕೆ ಐದು ವರ್ಷ ಹತ್ತು ತಿಂಗಳು ಬೇಕು. ಮುಂದಿನ ವರ್ಷ ಕರೆದುಕೊಂಡು ಬಾ ಎನ್ನಬೇಕಿತ್ತು. ಹೊರಗೆ ಅವಳ ಜೊತೆ ನೆಟ್ಟಿಗೆ ಹೋಗುವ ಹೆಂಗಸರು ಕಾಯುತ್ತಿದ್ದರು.

"ಎಂತಾರೂ ಬರ್ಕಳಿ ಮಾಸ್ತ್ರೆ," ಎಂದಳು ಮಾದೇವಿ. "ಮಗು ಶಾಲೆಲಿ ಕೂತ್ರೆ ಆತು."

ನಾನು ಬರೆದುಕೊಂಡೆ. ಜೂನ್ ಒಂದು, 1992. ಒಂದು ಮಗುವನ್ನು ಗದ್ದೆಯ ಅಂಚಿನಿಂದ ಶಾಲೆಯ ಬೆಂಚಿಗೆ ತಂದೆನಲ್ಲ ಎಂದು ಅಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯ ಫಲವನ್ನು ಈಗ ಚೆನ್ನಾಗಿ ಅನುಭವಿಸುತ್ತಿದ್ದೇನೆ.

ಲಕ್ಕಿ ಫುಟ್‌ಬಾಲ್ ಆಡುತ್ತಾಳೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅವಳ ಹೈಸ್ಕೂಲಿನ ಪಿ.ಟಿ. ಶಿಕ್ಷಕಿ ಮಾಲಿನಿ, ಹುಡುಗಿಯರಿಗೆ ಆಡಲು ಮೈದಾನ ಸಿಗದಿದ್ದಾಗ, ಕೊಯ್ಲು ಮುಗಿದ ಗದ್ದೆಗಳ ಒಡೆಯರನ್ನು ಒಬ್ಬೊಬ್ಬರನ್ನಾಗಿ ಕೇಳಿ ಅಲ್ಲಿಯೇ ತಂಡ ಕಟ್ಟಿದವರು. ಕಾಲಿಗೆ ಚುಚ್ಚುವ ಕೂಳೆಯ ಮೇಲೆ ಬರಿಗಾಲಿನಲ್ಲಿ ಓಡಿ ಕಲಿತವಳು ಲಕ್ಕಿ. ತಾಲೂಕಿನಲ್ಲಿ ಗೆದ್ದರು. ಹೊನ್ನಾವರಕ್ಕೆ ಹೋಗಿ ಗೆದ್ದರು. ಕುಮಟಾದಲ್ಲಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ನಾನೂ ಬಸ್ಸು ಹತ್ತಿ ಹೋದೆ. ನನಗೆ ಆ ಆಟದ ಗಂಧಗಾಳಿ ಇಲ್ಲ. ಆದರೆ ಎರವಲು ಬೂಟು ಹಾಕಿದ್ದ ಆ ಹುಡುಗಿ ಅರ್ಧ ಆಟಕ್ಕೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಇದನ್ನು ಹಾಕಿಕೊಂಡರೆ ಚೆಂಡು ಎಲ್ಲಿದೆ ಎಂದು ಕಾಲಿಗೆ ಗೊತ್ತಾಗುವುದಿಲ್ಲ ಎಂದು ರೆಫರಿಯ ಹತ್ತಿರ ವಾದಿಸುತ್ತಿದ್ದುದನ್ನು ನೋಡಿದೆ. ರೆಫರಿ ಒಪ್ಪಲಿಲ್ಲ. ಮತ್ತೆ ಹಾಕಿಕೊಂಡಳು, ಎರಡು ಗೋಲು ಹೊಡೆದಳು. ಅಲ್ಲಿಂದ ವಿಭಾಗ, ವಿಭಾಗದಿಂದ ರಾಜ್ಯ, ರಾಜ್ಯದಿಂದ ತಮ್ಮ ಶಿಬಿರ. ಎಲ್ಲಿಯೂ ಅವಳಿಗೆ ಯಾರೂ ಒಂದು ಮೆಟ್ಟಿಲನ್ನೂ ಬಿಟ್ಟುಕೊಟ್ಟಿರಲಿಲ್ಲ.

ಈಗ ಒಂದು ದೇಶ ಹೇಗೆ ಮೆಟ್ಟಿಲು ಹತ್ತುತ್ತದೆ ಎಂಬುದನ್ನು ನೋಡೋಣ. ಪಿಂಚಣಿದಾರನಿಗೆ ಪತ್ರಿಕೆ ಓದುವುದೇ ಉದ್ಯೋಗ. ಲಕ್ಕಿಯ ದೆಸೆಯಿಂದ ಆಟದ ಪುಟವನ್ನೂ ಕೆಂಪು ಪೆನ್ನು ಹಿಡಿದು ಓದಲು ಕಲಿತೆ. ಹಿರಿಯರ ಏಷ್ಯಾ ಕಪ್ಪನ್ನು ನಡೆಸುವ ದೇಶಕ್ಕೆ ನೇರ ಪ್ರವೇಶವಂತೆ. ಆಟ ತೋರಿಸಬೇಕಾಗಿಲ್ಲ, ಮೈದಾನ ತೋರಿಸಿದರೆ ಸಾಕು. ಕಳೆದ ಸಲ ಮೊದಲ ಮೂರು ಸ್ಥಾನ ಪಡೆದವರಿಗೂ ನೇರ ಪ್ರವೇಶ. ಉಳಿದವರು ಗುಂಪುಗಳಲ್ಲಿ ಸೇರಿ, ತಮ್ಮ ಊರಿನಲ್ಲೊಮ್ಮೆ ಎದುರಾಳಿಯ ಊರಿನಲ್ಲೊಮ್ಮೆ ಆಡಿ, ಮೊದಲ ಎರಡು ಸ್ಥಾನ ಹಿಡಿಯಬೇಕು. ಹಿಂದಿನ ಏಷ್ಯಾ ಕಪ್ಪಿಗಾಗಿ ನಮ್ಮ ಹಿರಿಯರ ತಂಡ 2006ರಲ್ಲಿ ಹೀಗೆ ಆರು ಪಂದ್ಯ ಆಡಿ ಆರನ್ನೂ ಸೋತಿತು. ಅಷ್ಟಕ್ಕೇ ಮುಗಿಯಿತೇ? ಇಲ್ಲ. ಹಿಂದುಳಿದ ದೇಶಗಳಿಗೆಂದೇ ಬೇರೆ ಒಂದು ಕಪ್ ಇದೆ, ಈ ಸಲ ಅದನ್ನು ಗೆದ್ದವರಿಗೂ ನೇರ ಪ್ರವೇಶ ಎಂದರು. ಆ ಕಪ್ಪನ್ನು ಮೊನ್ನೆ ಆಗಸ್ಟಿನಲ್ಲಿ ನಮ್ಮ ನೆಲದಲ್ಲಿಯೇ ನಡೆಸಿದೆವು. ಹೈದರಾಬಾದಿನಲ್ಲಿ ಮಳೆ ಕಾಡಿದಾಗ ಫೈನಲನ್ನು ದೆಹಲಿಗೆ ಸಾಗಿಸಿ ಅಲ್ಲಿ ಗೆದ್ದೆವು. ಎಂಬತ್ನಾಲ್ಕರ ನಂತರ ಇದೇ ಮೊದಲ ಸಲ ನಮಗೆ ಏಷ್ಯಾ ಕಪ್ಪಿನಲ್ಲಿ ಜಾಗ ಸಿಕ್ಕಿದೆ. ನಾನೂ ಖುಷಿಪಟ್ಟೆ, ಅಂಗಡಿಯ ಕಟ್ಟೆಯಲ್ಲಿ ಕೂತು ನಾಲ್ಕು ಜನರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಆದರೆ ಮಾನ್ಯರೇ, ಆರಕ್ಕೆ ಆರು ಸೋತ ದೇಶಕ್ಕೆ ಪಕ್ಕದಲ್ಲೊಂದು ಬಾಗಿಲು ತೆರೆಯುವಷ್ಟು ದೊಡ್ಡ ಮನಸ್ಸು ಒಂದು ಇಡೀ ಖಂಡಕ್ಕೆ ಇದೆ. ಮಳೆ ಬಂದರೆ ಪಂದ್ಯವನ್ನೇ ಎತ್ತಿಕೊಂಡು ಬೇರೆ ಊರಿಗೆ ಹೋಗುವ ಉಪಾಯ ನಿಮ್ಮವರಿಗೆ ಗೊತ್ತಿದೆ. ಒಂದೂ ಪಂದ್ಯ ಸೋಲದೆ ಬಂದ ಹುಡುಗಿಗೆ ಮಾತ್ರ ನಿಮ್ಮ ಹತ್ತಿರ ಒಂದು ಕಿಟಕಿಯೂ ಇರಲಿಲ್ಲವೇ?

ಇತ್ತು ಎಂದು ತಾವು ಹೇಳಬಹುದು. ತಾವು ಅವಳ ಮುಂಗೈಯ ಎಕ್ಸ್‌ರೇ ತೆಗೆಸಿದಿರಿ. ಡಾಕ್ಟರು ಹದಿನೈದರಿಂದ ಹದಿನಾರು ಎಂದು ಬರೆದರು, ಅಂದರೆ ನಾನು ಹೇಳುವುದಕ್ಕೂ ಸರಿ, ಶಾಲೆಯ ಪುಸ್ತಕ ಹೇಳುವುದಕ್ಕೂ ಸರಿ. ಎರಡರಲ್ಲಿ ಅನುಮಾನ ಬಂದರೆ ಹೆಚ್ಚಿನ ವಯಸ್ಸನ್ನೇ ಹಿಡಿಯುವುದು ರೂಢಿ ಎಂದಿರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮೀಸೆ ಬಂದ ಗಂಡಸರನ್ನು ಹದಿಮೂರರ ಹುಡುಗರೆಂದು ಆಡಿಸುವ ದೇಶ ಇದು. ವಯಸ್ಸು ಇಳಿಸಿದವರನ್ನು ಹಿಡಿಯಲೆಂದೇ ತಮ್ಮ ಹುದ್ದೆ ಹುಟ್ಟಿದೆ. ವಯಸ್ಸು ಏರಿಸಿಕೊಂಡವಳು ಎದುರು ಬಂದು ನಿಂತರೆ ಏನು ಮಾಡಬೇಕೆಂಬುದಕ್ಕೆ ನಿಮ್ಮ ನಮೂನೆಯಲ್ಲಿ ಅಂಕಣವೇ ಇರಲಿಲ್ಲ.

ಮಾಲಿನಿ, ಮಾದೇವಿ ಮತ್ತು ನಾನು ತಮ್ಮ ಕಚೇರಿಗೆ ಬಂದೆವು. ನಾವು ಬರಿಗೈಯಲ್ಲಿ ಬಂದಿರಲಿಲ್ಲ. ಲಕ್ಕಿ ಹುಟ್ಟಿದ ದಿನ ಬೆಳಿಗ್ಗೆ ಕರ್ಫ್ಯೂ ಸಡಿಲಿಸಿದ ಎರಡು ತಾಸು ಮುಗಿದ ಮೇಲೆ ಮಾದೇವಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೋಗಲು ಗಾಡಿ ಇಲ್ಲ. ಸೂಲಗಿತ್ತಿ ಪರಮೇಶ್ವರಿ ಇದ್ದದ್ದು ಜಾಲಿಯ ಕಡೆ. ಅವಳನ್ನು ಕರೆತರಲು ಓಡಿದ ಈರನನ್ನು ರಸ್ತೆಯಲ್ಲಿ ಹಿಡಿದು, ಸಂಜೆ ಮತ್ತೆ ಸಡಿಲಿಸುವವರೆಗೆ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಅವನು ಮನೆಗೆ ಬರುವಾಗ ನೆರೆಮನೆಯ ಹೆಂಗಸರೇ ಹೆರಿಗೆ ಮಾಡಿಸಿ ಮುಗಿಸಿದ್ದರು. ಆ ದಿನದ ಠಾಣೆಯ ದಿನಚರಿಯ ನಕಲನ್ನು, ಶಿಬಿರಕ್ಕೆ ಅವಳ ಹೆಸರು ಬಂದಾಗಲೇ, ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಸಿದ್ದೆ. 1993ರ ಏಪ್ರಿಲ್ ಹದಿನೇಳು. ಈರ ಎಂಬವನು ಕರ್ಫ್ಯೂ ಉಲ್ಲಂಘಿಸಿ ತಿರುಗಾಡುತ್ತಿದ್ದು, ಹೆಂಡತಿಗೆ ಹೆರಿಗೆ ನೋವು ಎಂದು ಹೇಳುತ್ತಾನೆ, ಎಂದು ಸ್ಪಷ್ಟವಾಗಿ ಬರೆದಿದೆ. ಈ ಸರ್ಕಾರದ ಹತ್ತಿರ ಆ ಹುಡುಗಿಯ ಜನನದ ದಾಖಲೆ ಇಲ್ಲ. ಅವಳ ಅಪ್ಪನನ್ನು ಅಂದು ತಡೆದು ಕೂರಿಸಿದ ದಾಖಲೆ ಇದೆ.

ತಾವು ಅದನ್ನು ಎರಡು ಸಲ ಓದಿದಿರಿ. ಇದರಲ್ಲಿ ಹುಡುಗಿಯ ಹೆಸರಿಲ್ಲವಲ್ಲ ಎಂದಿರಿ. ಹುಟ್ಟುವ ಮೊದಲೇ ಹೆಸರಿಡುವ ಪದ್ಧತಿ ನಮ್ಮ ಕಡೆ ಇಲ್ಲ, ಕ್ಷಮಿಸಬೇಕು. ಆ ಹೆರಿಗೆಯಲ್ಲಿ ಹುಟ್ಟಿದವಳು ಇವಳೇ ಎಂಬುದಕ್ಕೆ ಏನು ಆಧಾರ ಎಂದಿರಿ. ಅಷ್ಟು ಹೊತ್ತು ಗೋಡೆಗೆ ತಾಗಿ ನಿಂತಿದ್ದ ಮಾದೇವಿ ಆಗ ನನ್ನ ಕಡೆ ತಿರುಗಿ ಹೇಳಿದ್ದು ತಮಗೂ ಕೇಳಿಸಿರಬೇಕು.

"ಎಂತ ಮಾಸ್ತ್ರೆ, ಹೆತ್ತದ್ದು ನಾನು. ಹೆತ್ತದ್ದೂ ಒಂದೇ. ತಾರೀಖು ಹೇಳೂದು ಪುಸ್ತಕವ?"

ತಾವು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಿರಿ. ನನ್ನನ್ನು ಕೇಳಿದಿರಿ: ಅಂದು ಸುಳ್ಳು ಬರೆದೆ ಎನ್ನುತ್ತೀರಿ, ಇಂದು ನಿಜ ಹೇಳುತ್ತಿದ್ದೀರಿ ಎಂದು ಹೇಗೆ ನಂಬಲಿ? ಬಹಳ ಸರಿಯಾದ ಪ್ರಶ್ನೆ. ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದ ನಾನು ಠಾಣೆಯ ನಕಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ದಾಖಲೆ ತಿದ್ದಿಸಿಕೊಂಡು ಬನ್ನಿ, ಕೋರ್ಟಿನ ಆದೇಶ ಬೇಕು, ಪಟ್ಟಿ ಕಳಿಸಲು ನಾಲ್ಕು ದಿನ ಇದೆ ಎಂದು ಎದ್ದಿರಿ. ನಾಲ್ಕು ದಿನಗಳಲ್ಲಿ ಕೋರ್ಟಿನಿಂದ ಆದೇಶ ತರಬಹುದೆಂದು ತಾವು ನಿಜವಾಗಿ ನಂಬಿದ್ದಿರೋ, ಅಥವಾ ಮರ್ಯಾದೆಯಿಂದ ಬಾಗಿಲು ತೋರಿಸಿದಿರೋ, ನನಗೆ ಇಂದಿಗೂ ತಿಳಿದಿಲ್ಲ. ಅರ್ಜಿ ಹಾಕಿದ್ದೇವೆ. ಮೊದಲ ತಾರೀಖು ಜನವರಿಗೆ ಬಿದ್ದಿದೆ. ತಂಡ ಹೋಗಿ ಆಗಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆಟ ತಾನೇ, ಮುಂದೆ ದೊಡ್ಡವರ ತಂಡದಲ್ಲಿ ಆಡುತ್ತಾಳೆ ಎಂದು ಹೇಳಿ ನನ್ನ ಪಾಪವನ್ನು ನಾನೇ ಸವರಿಕೊಂಡು ಇರುತ್ತಿದ್ದೆ. ಆದರೆ ಹುಡುಗಿ ಮನೆಗೆ ಬಂದ ವಾರಕ್ಕೆ ಸಂತೆಗುಳಿಯಿಂದ ಈರನ ಅಕ್ಕ ಮಹಾಲಕ್ಷ್ಮೀ ಬಂದಳು. ಕೈಯಲ್ಲಿ ಒಂದು ಗಂಡಿನ ಮಾತು ಹಿಡಿದುಕೊಂಡೇ ಬಂದಿದ್ದಳು. ಅವಳು ಹಿಂದೆಯೂ ಒಮ್ಮೆ ಬಂದವಳೇ. ಹುಡುಗಿ ಸಣ್ಣವಳು, ಆಡುತ್ತಿದ್ದಾಳೆ ಎಂದು ಆಗ ಮಾದೇವಿ ತಿರುಗಿ ಕಳಿಸಿದ್ದಳು. ಈ ಸಲ ಅವಳ ಹತ್ತಿರ ತಮ್ಮ ತೀರ್ಪು ಇತ್ತು.

"ಸರ್ಕಾರದವ್ರೇ ಹುಡ್ಗಿ ದೊಡ್ಡದಾಗದೆ ಅಂದಿ ವಾಪಸ್ ಕಳ್ಸಿದ್ರಲ," ಎಂದಳಂತೆ. "ಇನ್ನೆಂತ ಕಾಯೂದು?"

ಈರ ಆಗಲಿ ಎಂದು ತಲೆ ಅಲ್ಲಾಡಿಸಿದ್ದಾನೆ. ಅವನನ್ನು ದೂರುವುದಿಲ್ಲ, ತಾನು ಹೇಳಿದ ಒಂದು ಮಾತನ್ನೂ ಯಾವ ಕಚೇರಿಯೂ ನಂಬಿದ್ದನ್ನು ಅವನು ಈವರೆಗೆ ಕಂಡಿಲ್ಲ. 2010ರ ಜೂನ್ ಒಂದಕ್ಕೆ ಲಕ್ಕಿಗೆ ಕಾಗದದಲ್ಲಿ ಹದಿನೆಂಟು ತುಂಬುತ್ತದೆ. ಅಂದು ಅವಳಿಗೆ ನಿಜವಾಗಿ ಹದಿನೇಳು ವರ್ಷ ಒಂದೂವರೆ ತಿಂಗಳು. ಜೂನ್‌ನಲ್ಲಿಯೇ ಮದುವೆ ಎಂದು ಮಾತಾಗಿದೆ. ಯಾರಾದರೂ ತಡೆಯಲು ಹೋದರೆ ಅವರು ಶಾಲೆಯ ಸರ್ಟಿಫಿಕೇಟು ತೋರಿಸುತ್ತಾರೆ. ಅದರ ಕೆಳಗೆ ನನ್ನ ಸಹಿ ಇದೆ, ಶಿಕ್ಕಾ ಇದೆ. ಆಟಕ್ಕೆ ಬೇಡವಾದ ವಯಸ್ಸನ್ನು ಮದುವೆಗೆ ಸರಿಮಾಡಿಕೊಟ್ಟವರು ನಾವಿಬ್ಬರು, ನಾನು ಮತ್ತು ತಾವು.

ಮೊನ್ನೆ ಲಕ್ಕಿ ನಮ್ಮ ಮನೆಗೆ ಬಂದಿದ್ದಳು. ಬೈಯಲು ಬಂದಿರಬೇಕು ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಮೆಟ್ಟಿಲ ಮೇಲೆ ಕೂತು, ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತ, ಒಂದೇ ಮಾತು ಕೇಳಿದಳು.

"ಮಾಸ್ತ್ರೆ, ಆ ಒಂದು ವರ್ಷ ನಾ ಎಲ್ಲಿದ್ದೆ?"

ನನ್ನ ಹೆಂಡತಿ ಚಹಾ ತಂದಿಟ್ಟಳು, ಹುಡುಗಿ ಕುಡಿದು ಎದ್ದು ಹೋದಳು.

ಆದ್ದರಿಂದ ನನ್ನ ಬೇಡಿಕೆ. ಲಕ್ಕಿಯನ್ನು ತಂಡಕ್ಕೆ ಸೇರಿಸಿ ಎಂದು ಕೇಳುತ್ತಿಲ್ಲ. ಆ ಗಾಡಿ ಹೋಯಿತು. ಅಂದು ಸುಳ್ಳು ಬರೆದೆ ಎನ್ನುತ್ತೀರಿ ಎಂದು ಮಾಲಿನಿ, ಮಾದೇವಿ ಇಬ್ಬರ ಎದುರು ತಾವು ನನಗೆ ಹೇಳಿದಿರಿ. ಅದನ್ನೇ ಬರೆದು ಕೊಡಿ. ನನ್ನ ಮೇಲೆ ಪೊಲೀಸು ದೂರು ಕೊಡಿ. ಸರ್ಕಾರಿ ನೌಕರನೊಬ್ಬ ಗೊತ್ತಿದ್ದೂ ಸುಳ್ಳು ದಾಖಲೆ ಬರೆದು ತಮ್ಮ ಆಯ್ಕೆಯನ್ನು ದಾರಿ ತಪ್ಪಿಸಿದ್ದಾನೆಂದು, ಲಕ್ಕಿಯ ಎಕ್ಸ್‌ರೇಯನ್ನೂ ಡಾಕ್ಟರ ಬರಹವನ್ನೂ ಲಗತ್ತಿಸಿ ದೂರಿರಿ. ನಾನು ಒಂದು ಮಾತೂ ವಾದಿಸುವುದಿಲ್ಲ, ವಕೀಲನನ್ನೂ ಇಡುವುದಿಲ್ಲ. ಮಾಸ್ತರನ ಬಾಯಿಮಾತನ್ನು ಕೋರ್ಟು ನಂಬುವುದಿಲ್ಲ, ಅಪರಾಧಿಯ ತಪ್ಪೊಪ್ಪಿಗೆಯನ್ನು ನಂಬುತ್ತದೆ. ನನಗೆ ಶಿಕ್ಷೆಯಾಗಬೇಕಾದರೆ ಆ ತಾರೀಖು ಸುಳ್ಳೆಂದು ಸಾಬೀತಾಗಲೇಬೇಕು. ಸಾಬೀತಾದ ದಿನ ಹುಡುಗಿ ಒಂದು ವರ್ಷ ಚಿಕ್ಕವಳಾಗುತ್ತಾಳೆ.

ನಾನು ಊರಿನಲ್ಲಿಯೇ ಇರುತ್ತೇನೆ. ಯಾರನ್ನು ಕಳಿಸಿದರೂ ಮನೆ ತೋರಿಸುತ್ತಾರೆ. ವಿಳಂಬ ತಮ್ಮ ಕಚೇರಿಯ ರೂಢಿ ಎಂದು ಬಲ್ಲೆ. ಇದೊಂದನ್ನು 2010ರ ಜೂನ್ ಒಂದಕ್ಕೆ ಮೊದಲು ಮಾಡಿ.

ಇಂತಿ,
ಹದಿನೇಳು ಮಕ್ಕಳನ್ನು ಒಂದೇ ದಿನ ಹುಟ್ಟಿಸಿದ
ಮಾಬ್ಲ ಮಾಸ್ತರು, ನಿವೃತ್ತ ಮುಖ್ಯೋಪಾಧ್ಯಾಯ
ಮುಟ್ಟಳ್ಳಿ, ನವೆಂಬರ್ 2008
ಜನನ: ಜೂನ್ 1, 1946 (ನನ್ನ ಮಾಸ್ತರು ಬರೆದಂತೆ, ನಿಜ ಹೇಳಬಲ್ಲ ಅವ್ವ ಈಗಿಲ್ಲ)