ಹನ್ನೊಂದು ಸೀನು, ಹನ್ನೊಂದು ದುವಾ

ಆನ್‌ಲೈನ್ ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ,

ಕ್ಯಾಮೆರಾದ ಆಚೆ ಕುಳಿತಿರುವ ಮಾನ್ಯರೇ,

ನಮ್ಮ ಪಕ್ಕದ ಮನೆಯ ತರನ್ನುಮ ಸೀನಿದಳು. ಅವಳ ತಾಯಿ ಹರಸಿದರು. ತಾವು ಫಲಿತಾಂಶ ತಡೆಹಿಡಿದಿರಿ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ, ಅದನ್ನು ಓದುವ ವ್ಯವಧಾನ ತಮಗಿಲ್ಲವೆಂದು ಗೊತ್ತಿದ್ದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಬ್ಯಾಡಗಿಯಲ್ಲಿ ನನ್ನದೊಂದು ಝರಾಕ್ಸ್ ಅಂಗಡಿ. ತಾವು ವಿದ್ಯಾರ್ಥಿಗಳಿಗೆ ಕಳಿಸಿದ ‘ಆನ್‌ಲೈನ್ ಕಲಿಕೆಯ ಸಾಮಾನ್ಯ ಪದಗಳು’ ಎಂಬ ಆರು ಪುಟದ ಪಟ್ಟಿಯನ್ನು ಪ್ರಿಂಟ್ ಹಾಕಿ ಹಾಕಿ ನಾನೇ ಅರ್ಧ ಪಂಡಿತನಾಗಿದ್ದೇನೆ. ಹುಡುಗರು ಪ್ರಿಂಟಿನ ಜತೆಗೆ ಅರ್ಥವನ್ನೂ ನನ್ನಿಂದಲೇ ಕೇಳಿ ಒಯ್ಯುತ್ತಾರೆ. ಅಸಿಂಕ್ರೊನಸ್ ಎಂದರೆ ಮೇಷ್ಟ್ರು ಹೇಳುವ ಹೊತ್ತೇ ಬೇರೆ, ವಿದ್ಯಾರ್ಥಿ ಕೇಳುವ ಹೊತ್ತೇ ಬೇರೆ. ಈ ಪದ್ಧತಿ ನಾನು ಓದುವಾಗಲೂ ಇತ್ತು; ಜೂನ್‌ನಲ್ಲಿ ಹೇಳಿದ್ದು ಮಾರ್ಚ್‌ನಲ್ಲಿ ಕಿವಿಗೆ ಬೀಳುತ್ತಿತ್ತು. ಡಿಸ್ಕಷನ್ ಫೋರಂ ಎಂದರೆ ಚರ್ಚೆಯ ಕಟ್ಟೆ. ತಮ್ಮ ಕಟ್ಟೆಯಲ್ಲಿ ಅರವತ್ತು ಜನ ‘ಗುಡ್ ಮಾರ್ನಿಂಗ್ ಸರ್’ ಎಂದು ಬರೆದು ಎದ್ದು ಹೋಗಿದ್ದಾರೆ, ಸರ್ ಇನ್ನೂ ಬಂದಿಲ್ಲ. ಸೆಲ್ಫ್ ಪೇಸ್ಡ್ ಎಂದರೆ ನಿಮ್ಮ ಅನುಕೂಲ ನೋಡಿಕೊಂಡು ಕಲಿಯಿರಿ, ಭಾನುವಾರ ಸಂಜೆ ಐದರೊಳಗೆ.

ನಾನು ಮುಗ್ಗರಿಸಿದ್ದು ‘ಪ್ರಾಕ್ಟರಿಂಗ್’ ಎಂಬಲ್ಲಿ.

“ಹಂಗಂದ್ರೇನ್ರೀ ಕಾಕಾ?” ಎಂದಳು ತರನ್ನುಮ, ಪದವಿಯ ಕೊನೆಯ ಪರೀಕ್ಷೆಯಾದ ಅರ್ಥಶಾಸ್ತ್ರದ ಹಿಂದಿನ ದಿನ.

“ಕ್ಯಾಮೆರಾ ನಿನ್ನ ಕಾಯ್ತೇತಿ ಯವ್ವಾ. ಖೋಲಿಯೊಳಗ ನೀ ಒಬ್ಬಾಕೀನ ಇರಬೇಕು. ಬಾಗಲಾ ಹಾಕ್ಕೋ, ಕಿಡಕಿನೂ ಹಾಕ್ಕೋ” ಎಂದೆ.

ಅವರ ಮನೆಯಲ್ಲಿ ಬಾಗಿಲಿರುವ ಖೋಲಿ ಒಂದೇ. ಅದರಲ್ಲಿ ಅವಳ ತಾಯಿ ಕುಲ್ಸುಮಬಿಯವರು ತೊಟ್ಟು ಬಿಡಿಸಲು ತಂದ ಮೆಣಸಿನಕಾಯಿಯ ನಾಲ್ಕು ಚೀಲ. ನಮ್ಮೂರಲ್ಲಿ ಮನೆಯೊಳಗೆ ಮೆಣಸಿನಕಾಯಿ ಇದೆ ಎನ್ನುವುದು ಗೋಡೆ ಇದೆ ಎನ್ನುವಷ್ಟೇ ದೊಡ್ಡ ಸುದ್ದಿ. ಹಾಗಾಗಿ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ನಿಜ. ಆದರೆ ಕಿಟಕಿ ಮುಚ್ಚಿ ಕೂತರೆ ಬಣ್ಣವೂ ಮೂಗಿಗೇರುತ್ತದೆ.

ಒಂದೂವರೆ ತಾಸಿನಲ್ಲಿ ಹನ್ನೊಂದು ಸೀನು. ಪ್ರತಿ ಸಲವೂ ಅವಳು ರೂಢಿಯಂತೆ ‘ಅಲ್‌ಹಮ್ದುಲಿಲ್ಲಾ’ ಎಂದಳು. ಹಾಗೆ ದೇವರನ್ನು ನೆನೆದವರಿಗೆ, ಕೇಳಿಸಿಕೊಂಡವರು ‘ಯರ್ಹಮುಕಲ್ಲಾ’, ಅಂದರೆ ದೇವರು ಕರುಣಿಸಲಿ, ಎಂದು ಮರುನುಡಿಯಬೇಕು. ಬಾಗಿಲಾಚೆ ಕೂತಿದ್ದ ಕುಲ್ಸುಮಬಿಯವರು ಹನ್ನೊಂದು ಸಲವೂ ಮರುನುಡಿದರು. ತಮ್ಮ ಯಂತ್ರ ಬರೆಯಿತು: ‘ಮುಖ ಹನ್ನೊಂದು ಬಾರಿ ಮರೆ. ಅಭ್ಯರ್ಥಿಯಿಂದ ಸಂಕೇತ, ಹೊರಗಿನಿಂದ ಉತ್ತರ. ನಕಲಿನ ಶಂಕೆ.’

ಮಾನ್ಯರೇ, ಹೊರಗಿನಿಂದ ಹನ್ನೊಂದು ಸಲವೂ ಬಂದದ್ದು ಒಂದೇ ಉತ್ತರ. ಅರ್ಥಶಾಸ್ತ್ರದ ಯಾವ ಹನ್ನೊಂದು ಪ್ರಶ್ನೆಗಳಿಗೆ ಒಂದೇ ಉತ್ತರವಿದೆ? ಇದ್ದರೆ ಅಷ್ಟು ದಪ್ಪದ ಪುಸ್ತಕ ಯಾಕೆ ಓದಿಸಿದಿರಿ?

ಅಪೀಲು ಹಾಕಲು ಕೂತೆವು. ಕಾರಣಗಳ ಪಟ್ಟಿಯಲ್ಲಿ ಕರೆಂಟ್ ಇದೆ, ನೆಟ್‌ವರ್ಕ್ ಇದೆ, ಸೀನು ಇಲ್ಲ. ‘ಇತರೆ’ ಒತ್ತಿದರೆ ಪುರಾವೆ ಕೇಳಿತು. ಮೆಣಸಿನಕಾಯಿ ಚೀಲದ ಫೋಟೊ ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ‘ಅಪ್ರಸ್ತುತ ದಾಖಲೆ’ ಎಂದು ಬಂತು. ಅಷ್ಟು ಲಗೂ ಯಾವ ಮನುಷ್ಯ ಓದುತ್ತಾನೆ? ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಒಂಬತ್ತರವರೆಗೂ ಒತ್ತಿದೆ. ಈಗ ಪರದೆಯ ಮೇಲೆ ‘ಅಂಡರ್ ರಿವ್ಯೂ’ ಎಂದಿದೆ. ತಮ್ಮ ಆರು ಪುಟದಲ್ಲಿ ಈ ಪದಕ್ಕೆ ಅರ್ಥವಿಲ್ಲ. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ರಾಣೇಬೆನ್ನೂರಿನಲ್ಲಿ ಅವಳಿಗೆ ಬಿ.ಇಡಿ. ಸೀಟು ಸಿಕ್ಕಿದೆ. ಇಪ್ಪತ್ತನೇ ತಾರೀಖಿನೊಳಗೆ ಅಂಕಪಟ್ಟಿ ತೋರಿಸದಿದ್ದರೆ ಅದು ಮುಂದಿನವರಿಗೆ.

ಕುಲ್ಸುಮಬಿಯವರು ದಿನಾ ಅಂಗಡಿಗೆ ಬರುತ್ತಾರೆ. “ಮನೋಹರಣ್ಣಾ, ಹಡದಾಕಿ ದುವಾ ಕೊಟ್ರ ಅದು ಕಾಪಿ ಹೆಂಗಾತ್ರೀ? ಆ ಸಾಹೇಬ್ರು ಸೀನಿದ್ರ ಅವರವ್ವ ಸುಮ್ನ ಕುಂದ್ರತಿದ್ಲೇನು?”

ಬಾಗಿಲು ಹಾಕಿಕೋ ಎಂದವನು ನಾನು. ಪ್ರಿಂಟರಿಗೆ ಹಾಳೆ ತುಂಬುತ್ತೇನೆ.

ನನ್ನ ಬೇಡಿಕೆ ಸಣ್ಣದು. ತಮ್ಮಲ್ಲಿ ಮನುಷ್ಯರು ಇನ್ನೂ ಕೆಲಸಕ್ಕಿದ್ದರೆ, ಅವರಲ್ಲೊಬ್ಬರು ಇಪ್ಪತ್ತರೊಳಗೆ ಆ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ನೋಡಲಿ. ಇಲ್ಲವೇ ತಾವೇ ಬನ್ನಿ. ಆ ಖೋಲಿಯಲ್ಲಿ ಹತ್ತು ನಿಮಿಷ ಕೂರಿಸುತ್ತೇವೆ. ಬಾಗಿಲು ನಾನೇ ಹಾಕುತ್ತೇನೆ.

ನಿನ್ನೆ ಸಂಜೆ ಅವರ ಪಡಸಾಲೆಯಲ್ಲಿ ತೊಟ್ಟು ಬಿಡಿಸುತ್ತಿದ್ದ ತರನ್ನುಮ ಸೀನಿದಳು, ದೇವರನ್ನು ನೆನೆದಳು. ಬಾಯಿ ತೆರೆದ ಕುಲ್ಸುಮಬಿಯವರು ಗೋಡೆಯ ಗೂಡಿನಲ್ಲಿದ್ದ, ಮಗಳು ಪರೀಕ್ಷೆ ಬರೆದ ಮೊಬೈಲಿನ ಕಡೆ ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಇಂತಿ,
ಮೆಣಸಿನಕಾಯಿಯನ್ನೇ ಮರೆತ ಬ್ಯಾಡಗಿಯವ,
ಮನೋಹರ