ಬೆಚ್ಚಗಿಟ್ಟು ತರುವ ಸರಕು

ನವೆಂಬರ್ ೧೪, ಭಾನುವಾರ

ಪ್ರೀತಿಯ ಇವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಾಚೆ ಹೋಗಲಾಗಲಿಲ್ಲ. ಕೋಪ ಬೇಡ. ಅತ್ತೆಯವರ ಮಂಡಿನೋವು ಇಳಿದಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ಕಾರ್ಖಾನೆಯ ಸುದ್ದಿ ಒಂದಿದೆ. ನಮ್ಮ ಕ್ರೀಮಿಗೆ ಹಾಕುವ ಸೆಟೈಲ್ ಆಲ್ಕೋಹಾಲ್ ಬದಲಾಗಲಿದೆ. "ಸೊಸೆ ಹೆಂಡ ಬೆರೆಸೋ ಕೆಲಸದಲ್ಲಿದ್ದಾಳೆ ಅಂತ ಯಾರ ಹತ್ರ ಹೇಳ್ಕೊಳ್ಳಲಿ?" ಎಂದು ಅತ್ತೆ ಈಗಲೂ ಕಾಲೆಳೆಯುತ್ತಾರೆ. ಅದು ಅಮಲೇ ಇಲ್ಲದ ಬಿಳಿ ಮೇಣ, ನೀರೂ ಎಣ್ಣೆಯೂ ಜಗಳವಾಡಿ ಬೇರೆಯಾಗದಂತೆ ಹಿಡಿದಿಡುವುದು, ಬಿರಿದ ಚರ್ಮವನ್ನು ಮೆತ್ತಗಾಗಿಸುವುದು ಅದೇ ಎಂದು ಹೇಳಿ ಹೇಳಿ ಸೋತೆ. ನಿಮಗೆ ಹೇಳಬೇಕೆ? ಹಡಗಿನ ತೊಟ್ಟಿಯಲ್ಲಿ ಅದು ಹೆಪ್ಪುಗಟ್ಟದಂತೆ ಕಡಲುದ್ದಕ್ಕೂ ಬೆಚ್ಚಗಿಟ್ಟು ತರುವವರೇ ನೀವು. ಪಾತ್ರೆಯಲ್ಲಿ ಕರಗಿಸುವಾಗಲೆಲ್ಲ, ಇದು ಇವರ ಕಾವಲಿನಲ್ಲಿ ಬಂದದ್ದು ಎಂದುಕೊಳ್ಳುತ್ತೇನೆ. ಪಾತ್ರೆಯ ಪಕ್ಕದಿಂದ ಏಳಲು ಮನಸ್ಸಾಗುವುದಿಲ್ಲ.

ಆದರೆ ಅದರ ಮೂಲ ತಾಳೆ ಎಣ್ಣೆ. ಕಾಡು ಕಡಿದು ನೆಟ್ಟ ತೋಟದ್ದೂ ಕಡಿಯದ ತೋಟದ್ದೂ ಒಂದೇ ತೊಟ್ಟಿಯಲ್ಲಿ ಬೆರೆತು ಬರುತ್ತದೆ, ಯಾವುದು ಯಾವುದೆಂದು ನಮಗೇ ತಿಳಿಯದು ಎಂದು ನೀವೇ ಹೇಳಿದ್ದಿರಿ. ಈಗ ಒಳನಾಡಿನ ಗಿರಣಿಯೊಂದು ಸಾಸಿವೆ ಜಾತಿಯ ಬೀಜದ ಎಣ್ಣೆಯಿಂದ ಇಂಥದೇ ಮೇಣ ತೆಗೆದಿದೆ. ಕೊಯ್ಲಾದ ಮೇಲೆ ಖಾಲಿ ಬಿದ್ದಿರುವ ಹೊಲಗಳ ಬೆಳೆ ಅದು. ಮ್ಯಾನೇಜರ್ ಸುಲಭಕ್ಕೆ ಒಪ್ಪಲಿಲ್ಲ. "ಅಷ್ಟೇ ಎಣ್ಣೆಗೆ ನಾಲ್ಕು ಪಟ್ಟು ನೆಲ ಬೇಕಲ್ಲ ಮೇಡಂ" ಎಂದರು. ಅದೂ ಸುಳ್ಳಲ್ಲ. ಇದಕ್ಕಾಗಿ ಹೊಸದಾಗಿ ಕಾಡು ಕಡಿಯುವುದಿಲ್ಲವಲ್ಲ ಎಂದೆ. ಅದನ್ನು ಹಾಕಿ ಮಾಡಿದ ಕ್ರೀಮನ್ನು ಎಲ್ಲರೂ ಮೊಣಕೈಗೆ ಹಚ್ಚಿ ನೋಡಿದೆವು. ಕೊಂಚ ಮಂದ, ನಿಧಾನಕ್ಕೆ ಇಳಿಯುತ್ತದೆ, ಇಳಿದ ಮೇಲೆ ಬೇಗ ಬಿಟ್ಟುಹೋಗುವುದಿಲ್ಲ. ಕೊನೆಗೆ ತೀರ್ಮಾನವನ್ನು ನನ್ನ ತಲೆಗೇ ಕಟ್ಟಿದರು.

ನಿಮ್ಮ ಹಡಗು ಈ ಬಂದರಿಗೆ ಬರುವುದೇ ನಮ್ಮ ಸರಕಿಗಾಗಿ. ಅದು ಬೇಡವೆಂದರೆ ವರ್ಷದಲ್ಲಿ ನೀವು ಮನೆಗೆ ಬರುವ ಆ ನಾಲ್ಕು ಸಂಜೆಗಳೂ ಹೋದಂತೆ. ವಾರವಿಡೀ ಒದ್ದಾಡಿದೆ. ಶುಕ್ರವಾರ ಹೊಸದಕ್ಕೇ ಸಹಿ ಹಾಕಿದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಎಲ್ಲಿದ್ದರೂ ತಣ್ಣಗಿರಿ.

ನಿಮ್ಮವಳು

ತಾ.ಕ.: ಹೋದ ತಿಂಗಳು ಸರಕು ತಂದ ಟ್ಯಾಂಕರ್ ಡ್ರೈವರ್, "ಯಜಮಾನ್ರು ಬಂದರಿನಲ್ಲಿ ಸಿಕ್ಕಿದ್ರು ಮೇಡಂ, ಚೆನ್ನಾಗಿದ್ದಾರೆ" ಎಂದ. ಹಡಗು ಎರಡು ದಿನ ನಿಂತಿತ್ತಂತೆ. ಬಂದರಿನಿಂದ ಮನೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಆಮೇಲೆ ಬಂದ ನಿಮ್ಮ ಕಾಗದದಲ್ಲಿ, ಈ ಸಲ ಈ ಕಡೆ ಬರಲಾಗಲಿಲ್ಲ ಎಂದಿತ್ತು. ಅತ್ತೆಗೆ ಏನೂ ಹೇಳಿಲ್ಲ. ಇನ್ನು ಮೇಲೆ ನೀವು ಬರುವುದಾದರೆ ಸರಕಿನ ಜೊತೆಗಲ್ಲ, ಮನೆಗೆಂದೇ ಬರಬೇಕಾಗುತ್ತದೆ.